ಡಬ್ಬಿಯೊಳಗಿನ ಟಕ್ ಟಕ್



ಸದ್ದನ್ನೇ ನಂಬಿ ಹೊಟ್ಟೆ ಹೊರೆಯುವವಳು ನಾನು. ಆದರೂ ನಮ್ಮ ಮುಂಬೈ ಮನೆಯ ಹಳೇ ಕಂಪ್ಯೂಟರಿನ ಸದ್ದು ಅರ್ಥವಾಗಲು ತಿಂಗಳು ಹಿಡಿಯಿತು. 2007ರಲ್ಲಿ ಅಪ್ಪ ಕಂತಿನ ಮೇಲೆ ಕೊಂಡದ್ದು. ಅದರ ಹಾರ್ಡ್ ಡಿಸ್ಕಿನಲ್ಲಿ ನನ್ನ ಅಜ್ಜಿ ಹಾಡಿದ ಹದಿನಾಲ್ಕು ಸೋಬಾನೆ ಪದಗಳಿದ್ದವು. ಅಜ್ಜಿ ಈಗಿಲ್ಲ. ಬೇರೆ ಪ್ರತಿಯೂ ಇರಲಿಲ್ಲ, ಅದು ನನ್ನ ಸೋಮಾರಿತನ.

ಮೊದಲು ಬಂದದ್ದು ಗುಂಯ್‌ಗುಡುವ ಸದ್ದು. ಫ್ಯಾನಿನದೋ ಡಿಸ್ಕಿನದೋ ತಿಳಿಯಲು ಸುಲಭದ ಉಪಾಯವಿದೆ. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಡಬ್ಬಿಯ ಪಕ್ಕದ ತಗಡು ತೆಗೆದು, ಡಿಸ್ಕಿಗೆ ಹೋಗುವ ಎರಡೂ ಕೇಬಲ್ ಬಿಡಿಸಿ. ಮತ್ತೆ ಆನ್ ಮಾಡಿದಾಗಲೂ ಸದ್ದಿದ್ದರೆ ಡಿಸ್ಕ್ ನಿರಪರಾಧಿ. ಫ್ಯಾನಿನ ಧೂಳು ಒರೆಸಿ. ನಮ್ಮಲ್ಲಿ ಸದ್ದು ನಿಂತಿತು. ಅಂದರೆ ಡಿಸ್ಕಿನದೇ.

ಆ ಕಾಲದ ಹೆಚ್ಚಿನ ಡಿಸ್ಕುಗಳು ನಿಮಿಷಕ್ಕೆ 7200 ಸುತ್ತು ತಿರುಗುತ್ತವೆ, ಸೆಕೆಂಡಿಗೆ 120. ಸ್ಕ್ರೂ ಸಡಿಲವಾದರೆ ಆ ನಡುಕ ಇಡೀ ತಗಡಿನ ಡಬ್ಬಿಗೆ ಹತ್ತಿ, ತಂಬೂರಿಯ ಬುರುಡೆಯಂತೆ ಮೊರೆಯುತ್ತದೆ. ನಮ್ಮದರಲ್ಲಿ ಇರಬೇಕಾದ ನಾಲ್ಕು ಸ್ಕ್ರೂಗಳಲ್ಲಿ ಎರಡೇ ಇದ್ದವು! ಲ್ಯಾಮಿಂಗ್ಟನ್ ರಸ್ತೆಯಿಂದ ಸ್ಕ್ರೂ, ರಬ್ಬರ್ ವಾಷರ್ ತಂದು ಬಿಗಿದೆ. ಮನೆ ನಿಶ್ಶಬ್ದವಾಯಿತು. ಬೀಗಿದೆ ಕೂಡ.

ಮೂರು ವಾರದ ಮೇಲೆ ಟಕ್... ಟಕ್... ಟಕ್.

ಇದು ಬೇರೆಯೇ ಜಾತಿ. ಡಿಸ್ಕಿನೊಳಗೆ ಓದುವ ಮುಳ್ಳು ತಟ್ಟೆಯ ಮೇಲೆ, ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ ಎತ್ತರದಲ್ಲಿ ತೇಲುತ್ತದೆ. ಅದಕ್ಕೆ ತನ್ನ ಗುರುತು ಸಿಗದಿದ್ದರೆ ಹಿಂದಕ್ಕೆ ಸರಿದು ಮತ್ತೆ ಹುಡುಕುತ್ತದೆ. ಆ ಸರಿದಾಟವೇ ಟಕ್. ಕೆಲವೊಮ್ಮೆ ವಿದ್ಯುತ್ತಿನ ಕೇಬಲ್ ಸಡಿಲವಾದರೂ ಹೀಗಾಗುತ್ತದೆ, ಒಮ್ಮೆ ಬದಲಿಸಿ ನೋಡಬಹುದು. ಆದರೆ ಪದೇ ಪದೇ ಆನ್ ಮಾಡಬೇಡಿ. ಪ್ರತಿ ಸಲವೂ ಮುಳ್ಳು ತಟ್ಟೆಯನ್ನು ಕೆರೆಯುವ ಅಪಾಯವಿದೆ.

ಪರಿಚಯದ ರಿಪೇರಿ ಹುಡುಗ "ಫಾರ್ಮ್ಯಾಟ್ ಮಾಡಿ ದೀದಿ, ಸರಿಹೋಗುತ್ತೆ" ಎಂದ. ಪಕ್ಕದ ಮನೆಯವರು ಫ್ರಿಜ್ಜಿನಲ್ಲಿಡಲು ಹೇಳಿದರು. ಎರಡೂ ಮಾಡಬೇಡಿ. ಫಾರ್ಮ್ಯಾಟಿನಿಂದ ಸವೆದ ಯಂತ್ರ ಹೊಸದಾಗುವುದಿಲ್ಲ, ಇದ್ದ ಫೈಲೂ ಹೋಗುತ್ತದೆ. ಫ್ರಿಜ್ಜಿನಿಂದ ತೆಗೆದ ಡಿಸ್ಕಿನೊಳಗೆ ತೇವ ಕೂರುತ್ತದೆ. ಡಿಸ್ಕಿನ ಮುಚ್ಚಳವನ್ನಂತೂ ಬಿಚ್ಚಲೇಬೇಡಿ, ಒಂದು ಧೂಳಿನ ಕಣ ಆ ಮುಳ್ಳಿಗೆ ಬಂಡೆಯಿದ್ದಂತೆ.

ನಾನು ಡಿಸ್ಕನ್ನು ಹೊರತೆಗೆದು, ಯುಎಸ್‌ಬಿ ಅಡಾಪ್ಟರ್ ಮೂಲಕ ತಮ್ಮನ ಲ್ಯಾಪ್‌ಟಾಪಿಗೆ ಜೋಡಿಸಿದೆ. ಈ ದೊಡ್ಡ ಡಿಸ್ಕಿಗೆ ಯುಎಸ್‌ಬಿಯ ವಿದ್ಯುತ್ ಸಾಲದು, ಗೋಡೆಯ ಪ್ಲಗ್ಗಿಗೆ ಹಾಕುವ ಅಡಾಪ್ಟರೇ ಬೇಕು. ಫೋಟೋ, ಸಿನಿಮಾ ಎಲ್ಲ ಬಿಟ್ಟು ಮೊದಲು ಅಜ್ಜಿಯ ಪದಗಳಿಗೇ ಕೈಹಾಕಿದೆ. ಒಂದು, ಎರಡು, ಐದು... ಹದಿಮೂರು ಬಂದವು. ಹದಿನಾಲ್ಕನೆಯದರ ಅರ್ಧಕ್ಕೆ ಟಕ್ ಎಂದು ನಿಂತಿತು. ಅದು ಹಸೆಗೆ ಕರೆಯುವ ಪದ.

ಈಗ ಆ ಹದಿಮೂರು ಪದಗಳು ಒಂದು ಪೆನ್‌ಡ್ರೈವಿನಲ್ಲಿ, ಊರಿನ ಚಿಕ್ಕಮ್ಮನ ಫೋನಿನಲ್ಲಿ, ನನ್ನ ಲ್ಯಾಪ್‌ಟಾಪಿನಲ್ಲಿ ಇವೆ. ಹಳೇ ಡಿಸ್ಕನ್ನು ಎಸೆದಿಲ್ಲ, ಬಟ್ಟೆ ಸುತ್ತಿ ಕಪಾಟಿನಲ್ಲಿಟ್ಟಿದ್ದೇನೆ. ಹಸೆಯ ಪದ ಚಿಕ್ಕಮ್ಮನಿಗೆ ಅರ್ಧ ನೆನಪಿದೆಯಂತೆ. ಮುಂದಿನ ಸಲ ಊರಿಗೆ ಹೋದಾಗ ಹಾಡಿಸಬೇಕು.