ನೇಗಿಲು ಬಿಟ್ಟ ಹೊಲದಲ್ಲಿ ಬೇರುಗಳ ಕೆಲಸ

ದಕ್ಷಿಣ ಬ್ರೆಜಿಲ್‌ನ ಪರಾನಾ ರಾಜ್ಯದ ಉತ್ತರ ಭಾಗದ್ದು ಬಸಾಲ್ಟ್ ಶಿಲೆ ಶಿಥಿಲಗೊಂಡು ಉಂಟಾದ ಕೆಂಪು ಜೇಡಿಮಣ್ಣು. ಆಳವಾದದ್ದು, ಫಲವತ್ತಾದದ್ದು. ಅಲ್ಲಿನ ಮಳೆ ಮಾತ್ರ ಬಲು ಬಿರುಸು. ಟ್ರ್ಯಾಕ್ಟರಿನಿಂದ ಉತ್ತು ಹುಡಿಮಾಡಿದ ಹೊಲದ ಮೇಲೆ ಅಂಥ ಮಳೆ ಸುರಿದರೆ ಬಿತ್ತಿದ ಬೀಜದ ಸಮೇತ ಮೇಲ್ಮಣ್ಣು ಹಳ್ಳ ಸೇರುತ್ತಿತ್ತು.

ರೋಲಾಂಡಿಯಾದ ರೈತ ಹರ್ಬರ್ಟ್ ಬಾರ್ಟ್ಜ್ ಇದಕ್ಕೆ ದಾರಿ ಹುಡುಕುತ್ತಾ ಅಮೆರಿಕದ ಕೆಂಟಕಿಗೆ ಹೋದರು. ಅಲ್ಲಿ ಹ್ಯಾರಿ ಯಂಗ್ ಎಂಬ ರೈತರು 1962ರಲ್ಲೇ ಉಳದೆ ಬಿತ್ತಿ ತೋರಿಸಿದ್ದರು. ಬಾರ್ಟ್ಜ್ ಅಲ್ಲಿಂದ ಬಿತ್ತನೆ ಯಂತ್ರ ತರಿಸಿಕೊಂಡು, 1972ರಲ್ಲಿ ಕೂಳೆಯ ನಡುವೆಯೇ ಸೋಯಾ ಬಿತ್ತಿದರು. 1975ರ ಭೀಕರ ಹೆಪ್ಪುಗಟ್ಟಿಸುವ ಚಳಿಗೆ ಪರಾನಾದ ಕಾಫಿ ತೋಟಗಳು ಸುಟ್ಟು ಕರಕಲಾದ ಮೇಲೆ ಸೋಯಾ, ಗೋಧಿಯ ಬೇಸಾಯ ಇನ್ನಷ್ಟು ಹಬ್ಬಿತು.

ಉಳದೆ ಬಿತ್ತಿದ ಕಡೆ ಮಣ್ಣಿನ ಕೊಚ್ಚಣೆ ತಗ್ಗಿತು. ಆದರೆ ಬೇರೊಂದು ತೊಂದರೆ ತಲೆಯೆತ್ತಿತು. ವರ್ಷವೂ ಅವೇ ಬೆಳೆ, ಮೇಲೆ ಭಾರದ ಯಂತ್ರಗಳ ಓಡಾಟ. ಮಣ್ಣು ಒಳಗೇ ಒತ್ತಿಕೊಂಡು, ಗೇಣುದ್ದದೊಳಗೆ ಗಟ್ಟಿ ಪದರ ಕಟ್ಟಿತು. ನೀರನ್ನೂ ಗಾಳಿಯನ್ನೂ ಇಳಿಸುವ ದೊಡ್ಡ ರಂಧ್ರಗಳು ಮುಚ್ಚಿದವು. ಬೇರು ಕೆಳಗಿಳಿಯಲಾರದೆ ಅಡ್ಡಕ್ಕೆ ತಿರುಗಿತು. ಮತ್ತೆ ನೇಗಿಲು ಹಿಡಿದವರೂ ಇದ್ದರು. ಉತ್ತಾಗ ಮಣ್ಣು ಸಡಿಲವಾಗುವುದು ನಿಜ, ಆದರೆ ಕಣಗಳನ್ನು ಹಿಡಿದಿಟ್ಟ ಬಂಧವೂ ಒಡೆಯುತ್ತದೆ. ನಾಲ್ಕು ಮಳೆಗೆ ಅದು ಮತ್ತೆ ಕುಸಿಯುತ್ತದೆ.

ಪರಿಹಾರ ಬಂದದ್ದು ಬೆಳೆ ಬದಲಾವಣೆಯಿಂದ. ಲೊಂಡ್ರಿನಾದ ಕೃಷಿ ಸಂಶೋಧನಾ ಸಂಸ್ಥೆಯ ಅಡೆಮಿರ್ ಕಲೆಗಾರಿ ಮುಂತಾದವರು ಚಳಿಗಾಲಕ್ಕೆ ಕಪ್ಪು ಓಟ್ಸ್, ಮೇವಿನ ಮೂಲಂಗಿಯಂಥ ಹೊದಿಕೆ ಬೆಳೆಗಳನ್ನು ಸರದಿಗೆ ಸೇರಿಸಿದರು. ಮೂಲಂಗಿಯ ದಪ್ಪ ಬೇರು ಮಣ್ಣಿನೊಳಗೆ ನುಗ್ಗಿ, ಕೊಳೆತ ಮೇಲೆ ಕೊಳವೆಯಂಥ ದಾರಿ ಬಿಡುತ್ತದೆ. ಮುಂದಿನ ಬೆಳೆಯ ಬೇರು, ಮಳೆನೀರು, ಎರೆಹುಳು ಎಲ್ಲವೂ ಅದೇ ದಾರಿ ಹಿಡಿಯುತ್ತವೆ. ಓಟ್ಸ್‌ನ ನವಿರು ಬೇರುಗಳೂ ಅವುಗಳ ಜೊತೆಗಿರುವ ಶಿಲೀಂಧ್ರದ ಎಳೆಗಳೂ ಮಣ್ಣನ್ನು ಹರಳುಹರಳಾಗಿ ಹೆಣೆಯುತ್ತವೆ. ಸೋಯಾದ ತರಗು ಬೇಗ ಕರಗಿಹೋದರೆ, ಓಟ್ಸ್‌ನ ಹುಲ್ಲು ತಿಂಗಳುಗಟ್ಟಲೆ ನೆಲ ಮುಚ್ಚಿರುತ್ತದೆ. ಉಳದೆ ಬಿತ್ತಿದ್ದಕ್ಕೆ ಬಾರ್ಟ್ಜ್ ಅವರಿಗೆ ಸಿಕ್ಕ ಕೀರ್ತಿಯಲ್ಲಿ ಈ ಹುಲ್ಲಿಗೂ ಒಂದು ಪಾಲು ಸಲ್ಲಬೇಕು.

ಇಂದು ಬ್ರೆಜಿಲ್‌ನಲ್ಲಿ 3 ಕೋಟಿ ಹೆಕ್ಟೇರಿಗೂ ಹೆಚ್ಚು ನೆಲದಲ್ಲಿ ಉಳುಮೆಯಿಲ್ಲದೆ ಬೆಳೆ ತೆಗೆಯುತ್ತಾರೆ. ಆದರೂ ಬಹಳ ಕಡೆ ಸೋಯಾದ ಹಿಂದೆಯೇ ಮೆಕ್ಕೆಜೋಳ, ಮೆಕ್ಕೆಜೋಳದ ಹಿಂದೆಯೇ ಸೋಯಾ. ಆದಾಯ ತರದ ಬೆಳೆಗೆ ಒಂದು ಹಂಗಾಮು ಬಿಟ್ಟುಕೊಡುವುದು ರೈತರಿಗೆ ಸುಲಭವಲ್ಲ. ಅದಕ್ಕೇ ಬ್ರೆಜಿಲ್‌ನ ಕೃಷಿ ಸಂಶೋಧನಾ ಸಂಸ್ಥೆ ಎಂಬ್ರಾಪಾ ಮೆಕ್ಕೆಜೋಳದ ಜೊತೆಗೇ ಬ್ರಾಕಿಯಾರಿಯಾ ಹುಲ್ಲು ಬಿತ್ತುವ ಪದ್ಧತಿ ರೂಪಿಸಿತು: ತೆನೆ ಕಟಾವಾದ ಮೇಲೆ ಹುಲ್ಲು ಹೊಲದಲ್ಲೇ ಬೆಳೆದು ಆಳಕ್ಕೆ ಬೇರು ಬಿಡುತ್ತದೆ, ಒಣ ತಿಂಗಳುಗಳಲ್ಲಿ ದನಗಳಿಗೆ ಮೇವೂ ಆಗುತ್ತದೆ.