ಸೆರೆ ಬಿಡಿಸಿದ ಶೇಖ್, ಸೆರೆ ಬಿಟ್ಟ ರಾಣಿ



ಡಿಸೆಂಬರ್ 18 ಬಂತೆಂದರೆ ದೋಹಾದ ವೆಸ್ಟ್ ಬೇ ಗೋಪುರಗಳ ಮೇಲೆಲ್ಲ ಕತಾರಿನ ಕಡುಗೆಂಪು, ಬಿಳಿ ಬಣ್ಣ. ಇಲ್ಲಿನ ಕಚೇರಿಗಳಲ್ಲಿ ದುಡಿಯುವ ಮಂಗಳೂರು, ಉಡುಪಿ, ಭಟ್ಕಳದ ನಮ್ಮವರಿಗೂ ಅಂದು ರಜೆ. ಮಕ್ಕಳನ್ನು ಕರೆದುಕೊಂಡು ಕಾರ್ನಿಶ್ ದಂಡೆಗೆ ಹೋಗುವವರೇ ಹೆಚ್ಚು. ಕತಾರ್ ಬ್ರಿಟಿಷರಿಂದ ಸ್ವತಂತ್ರವಾದದ್ದು 1971ರ ಸೆಪ್ಟೆಂಬರ್ 3ರಂದು. ಆದರೂ ರಾಷ್ಟ್ರದಿನವಾಗಿ ಆಚರಿಸುವುದು 1878ರ ಡಿಸೆಂಬರ್ 18ನ್ನು. ಶೇಖ್ ಜಾಸಿಮ್ ಬಿನ್ ಮೊಹಮ್ಮದ್ ಅಲ್ ಥಾನಿ ತಂದೆಯ ನಂತರ ನಾಯಕತ್ವ ವಹಿಸಿಕೊಂಡ ದಿನ ಅದು.

ಜಾಸಿಮರ ಕಾಲಕ್ಕೆ ವೆಸ್ಟ್ ಬೇ ಇರಲೇ ಇಲ್ಲ. ಇಂದು ಗೋಪುರಗಳು ನಿಂತಿರುವ ಕಡೆ ಆಗ ಆಳವಿಲ್ಲದ ಕಡಲು. ಅದಕ್ಕೆ ಮಣ್ಣು ತುಂಬಿಸಿ ನೆಲ ಮಾಡಿದ್ದು ಸುಮಾರು ನೂರು ವರ್ಷದ ಮೇಲೆ. ಊರಿನ ಬದುಕು ಮುತ್ತಿನ ವ್ಯಾಪಾರದ ಮೇಲೆ ನಿಂತಿತ್ತು, ಮುತ್ತು ಮುಂಬಯಿಗೆ ಹೋಗುತ್ತಿತ್ತು. ಜಾಸಿಮರೂ ಮುತ್ತಿನ ವರ್ತಕರೇ, ಕವಿಯೂ ಹೌದು. ಸೆರೆ ಎಂದರೇನೆಂದು ಅವರು ಮೈಮೇಲೆ ಅನುಭವಿಸಿದ್ದರು: 1867ರಲ್ಲಿ ಬಹರೇನಿನ ಅರಸ ಮಾತುಕತೆಗೆಂದು ಕರೆಸಿಕೊಂಡು ಅವರನ್ನು ಬಂಧಿಸಿದ್ದ.

1871ರಿಂದ ದೋಹಾದಲ್ಲಿ ಆಟೊಮನ್ ತುರ್ಕರ ಪಡೆ ಬೀಡುಬಿಟ್ಟಿತ್ತು. 1893ರಲ್ಲಿ ಬಸ್ರಾದ ವಾಲಿ, ಅಂದರೆ ತುರ್ಕರ ಪ್ರಾಂತಾಧಿಕಾರಿ, ಮೆಹ್ಮದ್ ಹಾಫಿಜ್ ಪಾಷಾ ಸೈನ್ಯದೊಂದಿಗೆ ಬಂದಿಳಿದ. ಸುಂಕ, ತೆರಿಗೆಗಳ ತಗಾದೆ ಬಿಗಡಾಯಿಸಿತು. ಪಾಷಾ ಶೇಖರ ತಮ್ಮ ಅಹ್ಮದರನ್ನೂ ಊರಿನ ಹಲವು ಮುಖಂಡರನ್ನೂ ಹಿಡಿದಿಟ್ಟ. ಬಿಡುಗಡೆಗೆ ಹಣ ಕೊಡುತ್ತೇನೆಂದು ಶೇಖ್ ಹೇಳಿಕಳಿಸಿದರೂ ಒಪ್ಪಲಿಲ್ಲ. ಮಾರ್ಚ್ ತಿಂಗಳಲ್ಲಿ ದೋಹಾದ ಪಶ್ಚಿಮಕ್ಕಿರುವ ವಜ್ಬಾದಲ್ಲಿ ಕಾಳಗ ನಡೆದು ತುರ್ಕರು ಸೋತು ದೋಹಾದ ಕೋಟೆಗೆ ಹಿಮ್ಮೆಟ್ಟಿದರು. ಶೇಖರ ಕಡೆಯವರು ಅವರಿಗೆ ನೀರು ಸಿಗದಂತೆ ಮಾಡಿದರು.

ನನ್ನನ್ನು ಹಿಡಿದು ನಿಲ್ಲಿಸುವುದು ಇದರ ಮುಂದಿನ ಘಟ್ಟ. ನೀರಿಲ್ಲದೆ ಕೂತ ವೈರಿ ಕೈಗೆ ಸಿಕ್ಕಿದಂತೆಯೇ ಇದ್ದ, ಸೇಡು ತೀರಿಸಿಕೊಳ್ಳಬಹುದಿತ್ತು. ಶೇಖ್ ಕೇಳಿದ್ದು ತಮ್ಮ ಜನರನ್ನು. ಸೆರೆಯಾಳುಗಳನ್ನು ಬಿಡಬೇಕು, ಬಿಟ್ಟರೆ ತುರ್ಕರ ಕುದುರೆಪಡೆ ಹುಫೂಫ್ ಪಟ್ಟಣದತ್ತ ಸುರಕ್ಷಿತವಾಗಿ ಹೋಗಬಹುದು. ಹಾಗೆಯೇ ಆಯಿತು. ಗೆದ್ದ ಮೇಲೆ ಏನನ್ನು ಕೇಳುತ್ತಾರೆ ಎಂಬುದರಲ್ಲಿ ನಾಯಕರ ಮನಸ್ಸು ಬಯಲಾಗುತ್ತದೆ ಎಂದು ನನಗೆ ಅನ್ನಿಸುವುದು ಇಂಥ ಕಡೆಗಳಲ್ಲಿಯೇ. ಶೇಖ್ ಜಾಸಿಮ್ 1913ರಲ್ಲಿ ಲುಸೈಲಿನಲ್ಲಿ ತೀರಿಕೊಂಡರು. ಇಂದು ವೆಸ್ಟ್ ಬೇ ನಿಲ್ದಾಣದಲ್ಲಿ ಮೆಟ್ರೋ ಹತ್ತಿದರೆ ಕೆಂಪು ಮಾರ್ಗದ ಕೊನೆಯ ಊರು ಅದೇ.

ಈ ಕಥೆ ಕೇಳಿದ ಕನ್ನಡಿಗರಿಗೆ ಕಿತ್ತೂರು ನೆನಪಾಗದೆ ಇರದು. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕೋಟೆಯ ಮುಂದೆ ಸತ್ತ. ಅವನ ಸಹಾಯಕರಾದ ಸ್ಟೀವನ್ಸನ್ ಮತ್ತು ವಾಲ್ಟರ್ ಎಲಿಯಟ್ ರಾಣಿ ಚೆನ್ನಮ್ಮನ ಕೈಗೆ ಸಿಕ್ಕರು. ಕಿತ್ತೂರಿನ ಉತ್ತರಾಧಿಕಾರಿಯ ದತ್ತಕವನ್ನು ಒಪ್ಪದೆ ಸಂಸ್ಥಾನವನ್ನೇ ನುಂಗಹೊರಟ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳು ಅವರು. ಕೋಟೆಯೊಳಗೆ ಅವರಿಗೆ ಯಾವ ಅಪಾಯವೂ ಆಗಲಿಲ್ಲ. ಡಿಸೆಂಬರ್ ಮೊದಲಿಗೆ ರಾಣಿ ಇಬ್ಬರನ್ನೂ ಬಿಟ್ಟುಕೊಟ್ಟಳು. ಕಂಪನಿ ಮಾತ್ರ ತೋಪುಗಳನ್ನು ತಂದು ಕೆಲವೇ ದಿನಗಳಲ್ಲಿ ಕೋಟೆ ಹಿಡಿಯಿತು. ರಾಣಿ ಬೈಲಹೊಂಗಲದ ಸೆರೆಯಲ್ಲಿಯೇ 1829ರಲ್ಲಿ ಕಣ್ಣುಮುಚ್ಚಿದಳು.

ಸೆರೆಯಾಳುಗಳನ್ನು ಬಿಟ್ಟದ್ದು ರಾಣಿಯ ತಪ್ಪು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅವರನ್ನು ಕೊಂದಿದ್ದರೆ ಕೋಟೆ ಉಳಿಯುತ್ತಿರಲಿಲ್ಲ, ಇನ್ನೊಂದು ನಷ್ಟವೂ ಸೇರುತ್ತಿತ್ತು. ಜೀವಸಹಿತ ಹೊರಬಂದ ಆ ಎಲಿಯಟ್ ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳ ಪ್ರತಿ ಮಾಡಿಸಿದ. ಅವುಗಳ ಆಧಾರದ ಮೇಲೆ 1837ರಲ್ಲಿ ಅವನು ಪ್ರಕಟಿಸಿದ ಲೇಖನ ಚಾಲುಕ್ಯರ ಇತಿಹಾಸವನ್ನು ವಿದ್ವಾಂಸರ ಮುಂದೆ ಇಟ್ಟ ಮೊದಲ ಬರಹಗಳಲ್ಲಿ ಒಂದು.