ಸ್ಟಾಫ್ ಅದೀನ್ರಿ!



ನಾನು ಶಾಲೆಗೆ ಹೋಗೋ ಕಾಲದಲ್ಲಿ ರಾಯಚೂರಿನಿಂದ ನಮ್ಮ ಕುರ್ಡಿಗೆ ಬರೋ ಸಂಜೆ ಬಸ್ಸಿನಲ್ಲಿ ಒಂದು ವಿಶೇಷ ಸೀಟ್ ಇತ್ತು. ಸೀಟ್ ಅಂದ್ರೆ ಸೀಟ್ ಅಲ್ಲ, ಡ್ರೈವರ್ ಪಕ್ಕದ ಬಾನೆಟ್. ಇಂಜಿನ್ ಬಿಸಿಗೆ ಸುಡುತ್ತಿತ್ತು, ಆದರೂ ಅಲ್ಲಿ ಕೂರೋದಂದ್ರೆ ಒಂದು ಗತ್ತು. ಬೇರೆ ಬಸ್ಸಿನ ಡ್ರೈವರ್, ಕಂಡಕ್ಟರ್‌ಗಳು ಡ್ಯೂಟಿ ಮುಗಿಸಿ ಊರಿಗೆ ಹೊರಟಾಗ "ಸ್ಟಾಫ್" ಅಂತ ಒಂದು ಮಾತು ಹೇಳಿ ಹತ್ತಿ ಅಲ್ಲೇ ಕೂತುಬಿಡೋರು.

ಒಂದು ದಿನ ಹಾಗೇ ಒಬ್ಬ ಹತ್ತಿದ. "ಸ್ಟಾಫ್ ಅದೀನ್ರಿ" ಅಂದ, ಕಾರ್ಡ್ ತೋರಿಸಿದ. ಕಂಡಕ್ಟರ್ ಕಾರ್ಡನ್ನ ತಿರುಗಿಸಿ ಮುರುಗಿಸಿ ನೋಡಿದರು. "ಕಾರ್ಡ್ ಖರೇ ಐತ್ರಿ. ಈಗ ನಿಮ್ಮ ಡಿಪೋ ಮ್ಯಾನೇಜರ್ ಯಾರದಾರ?" ಅಂತ ಕೇಳಿದರು. ಆತ ಒಂದು ಹೆಸರು ಹೇಳಿದ. "ಅವ್ರು ವರ್ಗಾ ಆಗಿ ಆರ್ ತಿಂಗ್ಳಾತ್ರಿ. ಟಿಕೀಟ್ ತಗೋರಿ." ಆಮೇಲೆ ಗೊತ್ತಾಯ್ತು, ಆತನನ್ನ ಕೆಲಸದಿಂದ ತೆಗೆದಿದ್ದರು. ಕಾರ್ಡ್ ಮಾತ್ರ ಅವನ ಜೇಬಿನಲ್ಲೇ ಉಳಿದಿತ್ತು.

ಇವತ್ತು ಆ ಬಾನೆಟ್ ನೆನಪಾಗಿದ್ದು ವಿಮಾನದ ಸುದ್ದಿ ಓದುವಾಗ. ವಿಮಾನದಲ್ಲೂ ಒಂದು ಬಾನೆಟ್ ಸೀಟ್ ಇದೆ, ಗೊತ್ತಾ? ಕಾಕ್‌ಪಿಟ್ ಒಳಗೆ, ಇಬ್ಬರು ಪೈಲಟ್‌ಗಳ ಹಿಂದೆ ಮಡಚಿಡೋ ಒಂದು ಸೀಟು. ಜಂಪ್‌ಸೀಟ್ ಅಂತಾರೆ. ಪೈಲಟ್‌ಗಳ ಕೆಲಸ ಪರೀಕ್ಷಿಸಲು ಬರೋ ಡಿಜಿಸಿಎ ಇನ್‌ಸ್ಪೆಕ್ಟರ್ ಕೂರೋದು ಅಲ್ಲಿ. ಡ್ಯೂಟಿ ಇಲ್ಲದ ಪೈಲಟ್ ಅನುಮತಿ ಪಡೆದು ಕೂರೋದೂ ಅಲ್ಲೇ. ಅಮೆರಿಕದಲ್ಲಂತೂ ಒಂದು ಊರಲ್ಲಿ ಮನೆ, ಇನ್ನೊಂದು ಊರಲ್ಲಿ ಡ್ಯೂಟಿ ಇರೋ ಸಾವಿರಾರು ಪೈಲಟ್‌ಗಳಿಗೆ ಕೆಲಸಕ್ಕೆ ಹೋಗೋ ದಾರಿಯೇ ಇದು. ಹಾಗಾದ್ರೆ ಅಲ್ಲಿ ಕೂರೋಕೆ ಬಂದವನು ನಿಜವಾಗ್ಲೂ ಪೈಲಟ್ಟೇ ಅಂತ ನೋಡೋರು ಯಾರು?

ನವೆಂಬರ್ 2019. ನಮ್ಮ ಕಲಬುರಗಿ ವಿಮಾನ ನಿಲ್ದಾಣ ಶುರುವಾದ ತಿಂಗಳು. ದೆಹಲಿಯಲ್ಲಿ ಲುಫ್ತಾನ್ಸಾ ಕ್ಯಾಪ್ಟನ್ ಡ್ರೆಸ್ ಹಾಕಿಕೊಂಡಿದ್ದ ಒಬ್ಬನನ್ನ ಸಿಐಎಸ್ಎಫ್ ಹಿಡಿಯಿತು. ಪೈಲಟ್ ಅಲ್ಲವೇ ಅಲ್ಲ! ಗುರುತಿನ ಚೀಟಿ ಬ್ಯಾಂಕಾಕ್‌ನಲ್ಲಿ ಮಾಡಿಸಿದ್ದು. ಯಾಕಪ್ಪಾ ಅಂದ್ರೆ, ಕ್ಯೂ ತಪ್ಪುತ್ತೆ, ಒಳ್ಳೆ ಸೀಟ್ ಸಿಗುತ್ತೆ ಅಂತ. ಇಲ್ಲಿ ನಾನು ತಲೆ ಕೆಡಿಸಿಕೊಂಡಿದ್ದು ಅವನ ಬಗ್ಗೆ ಅಲ್ಲ, ಅವನು ಸಿಕ್ಕಿಬಿದ್ದ ರೀತಿ ಬಗ್ಗೆ. ಲುಫ್ತಾನ್ಸಾದ ಭದ್ರತಾ ಅಧಿಕಾರಿಯೇ ಸುಳಿವು ಕೊಟ್ಟರು, ಹಾಗಾಗಿ ಸಿಕ್ಕ. ಡ್ರೆಸ್ ನೋಡಿ ದಾರಿ ಬಿಟ್ಟವರು ಅದಕ್ಕೂ ಮೊದಲು ಎಷ್ಟು ಜನ ಇದ್ದರೋ!

ನಕಲಿ ಕಾರ್ಡಿನ ಕಥೆ ಇದಾಯ್ತು. ಇದಕ್ಕಿಂತ ಭಯಂಕರ ಅಂದ್ರೆ ಅಸಲಿ ಕಾರ್ಡಿನ ಕಥೆ. 1987ರ ಡಿಸೆಂಬರ್ 7. ಅಮೆರಿಕದ ಯುಎಸ್ ಏರ್ ಕಂಪನಿಯ ಒಬ್ಬ ನೌಕರ, ಪೈಲಟ್ ಅಲ್ಲ, ವಿಮಾನದಲ್ಲಿ ಪಾನೀಯ ಮಾರಿದ ದುಡ್ಡಿನಲ್ಲಿ 69 ಡಾಲರ್ ಕದ್ದ ಅಂತ ಕೆಲಸದಿಂದ ತೆಗೆದಿದ್ದರು. ಕೆಲಸ ಹೋಯ್ತು, ಕಾರ್ಡ್ ವಾಪಸ್ ಪಡೆಯಲಿಲ್ಲ. ಆ ಕಾಲದಲ್ಲಿ ಲಾಸ್ ಏಂಜಲೀಸ್‌ನಲ್ಲಿ ವಿಮಾನ ಕಂಪನಿ ನೌಕರರಿಗೆ ತಪಾಸಣೆ ಇರಲಿಲ್ಲ. ಪರಿಚಯದ ಮುಖ, ಕೈಯಲ್ಲಿ ಕಾರ್ಡ್. ಪಿಸ್ತೂಲು ಇಟ್ಟುಕೊಂಡೇ ಒಳಗೆ ಹೋದ. ತನ್ನನ್ನ ಕೆಲಸದಿಂದ ತೆಗೆದ ಮೇಲಧಿಕಾರಿ ಹತ್ತಿದ ಪಿಎಸ್ಎ 1771 ವಿಮಾನವನ್ನೇ ಹತ್ತಿದ. ಆಕಾಶದಲ್ಲಿ ಗುಂಡಿನ ಸದ್ದು. ವಿಮಾನ ಗುಡ್ಡಕ್ಕೆ ಬಿತ್ತು. 43 ಜನ, ಒಬ್ಬರೂ ಉಳಿಯಲಿಲ್ಲ.

ಆಮೇಲೆ ಕಾನೂನು ಬಂತು. ನೌಕರರಿಗೂ ತಪಾಸಣೆ, ಕೆಲಸ ಬಿಟ್ಟ ತಕ್ಷಣ ಕಾರ್ಡ್ ವಾಪಸ್. ನಮ್ಮ ಕಂಡಕ್ಟರ್ ಬಸ್ಸಿನ ಬಾಗಿಲಲ್ಲಿ ನಿಂತು ಕೇಳಿದ ಒಂದು ಪ್ರಶ್ನೆ ಅಲ್ಲಿ ಯಾರಾದ್ರೂ ಕೇಳಿದ್ದರೆ? ಅಂತ ನಾನು ಎಷ್ಟೋ ಸಲ ಯೋಚನೆ ಮಾಡಿದ್ದೀನಿ.

ಆ ಪ್ರಶ್ನೆಯನ್ನ ಅಮೆರಿಕದವರು ಕೊನೆಗೂ ಕಂಪ್ಯೂಟರ್‌ಗೆ ಹಾಕಿದರು. 2001ರ ಸೆಪ್ಟೆಂಬರ್ 11 ಆದ ಮೇಲೆ ಬೇರೆ ಕಂಪನಿಯ ಪೈಲಟ್‌ಗಳಿಗೆ ಕಾಕ್‌ಪಿಟ್ ಬಾಗಿಲು ಮುಚ್ಚಿತು. ಮತ್ತೆ ತೆರೆದಿದ್ದು 'ಕ್ಯಾಸ್' ಅನ್ನೋ ವ್ಯವಸ್ಥೆ ಬಂದ ಮೇಲೆ. ಗೇಟಿನಲ್ಲಿ ಪೈಲಟ್ ತನ್ನ ಕಂಪನಿ, ನೌಕರ ಸಂಖ್ಯೆ ಕೊಡಬೇಕು. ಅವನ ಕಂಪನಿಯ ದಾಖಲೆಯಿಂದಲೇ ಉತ್ತರ ಬರುತ್ತೆ, ಫೋಟೋ ಸಮೇತ. ಈ ಮನುಷ್ಯ ಇವತ್ತಿಗೂ ನಮ್ಮಲ್ಲಿ ಕೆಲಸದಲ್ಲಿದ್ದಾನೆ, ಅಥವಾ ಇಲ್ಲ. ಇಲ್ಲ ಅಂದ್ರೆ ಎಷ್ಟು ಪಟ್ಟಿ ಇರೋ ಡ್ರೆಸ್ ಹಾಕಿದ್ದರೂ ನಡಿ ಆಚೆ.

ಇಷ್ಟಾದ್ರೂ ಸಾಲದು ಅನ್ನೋರಿದ್ದಾರೆ, ಅವರ ಮಾತಲ್ಲಿ ಸತ್ಯ ಇದೆ. 1994ರ ಏಪ್ರಿಲ್ 7ರಂದು ಫೆಡ್‌ಎಕ್ಸ್ ಸರಕು ವಿಮಾನದ ಜಂಪ್‌ಸೀಟ್‌ಗೆ ಬಂದವನು ಅದೇ ಕಂಪನಿಯ ಅಸಲಿ ನೌಕರ. ಮರುದಿನ ಅವನ ಮೇಲೆ ಇಲಾಖಾ ವಿಚಾರಣೆ ಇತ್ತು. ಗಿಟಾರ್ ಪೆಟ್ಟಿಗೆಯಲ್ಲಿ ಸುತ್ತಿಗೆ ತಂದಿದ್ದ. ಮೂವರು ಸಿಬ್ಬಂದಿ ತಲೆ ಒಡೆದುಕೊಂಡೇ ಹೋರಾಡಿ ವಿಮಾನ ಇಳಿಸಿದರು. ಮತ್ತೆ ಅವರ್ಯಾರೂ ಆ ವೃತ್ತಿಗೆ ಮರಳಲಾಗಲಿಲ್ಲ. 2023ರ ಅಕ್ಟೋಬರ್‌ನಲ್ಲಿ ಹೊರೈಜನ್ ಏರ್ ವಿಮಾನದ ಜಂಪ್‌ಸೀಟ್‌ನಲ್ಲಿದ್ದ ಪೈಲಟ್ ಹಾರಾಟದ ಮಧ್ಯೆ ಇಂಜಿನ್ ಬಂದ್ ಮಾಡೋ ಹಿಡಿಕೆಗೆ ಕೈ ಹಾಕಿದ. ನಿದ್ದೆಗೆಟ್ಟು, ಮನಸ್ಸು ಕೆಟ್ಟು ಬಂದಿದ್ದವನು. ಅವನ ಕಾರ್ಡೂ ಅಸಲಿ. ಮನಸ್ಸಿನ ಕಾಯಿಲೆ ಅಂತ ಬಾಯಿ ಬಿಟ್ಟರೆ ಲೈಸೆನ್ಸ್ ಹೋಗುತ್ತೆ ಅನ್ನೋ ಭಯದಲ್ಲಿ ಪೈಲಟ್‌ಗಳು ಬದುಕೋವರೆಗೂ ಈ ಅಪಾಯವನ್ನ ಯಾವ ಕಂಪ್ಯೂಟರೂ ಹಿಡಿಯಲ್ಲ. ಅದರ ಬಗ್ಗೆ ಇನ್ನೊಂದು ದಿನ ಮಾತಾಡೋಣ.

ಈಗ ನಮ್ಮ ಮನೆ ವಿಷಯಕ್ಕೆ ಬನ್ನಿ. ಫೆಬ್ರವರಿ 2023, ಏರ್ ಇಂಡಿಯಾದ ದುಬೈ–ದೆಹಲಿ ವಿಮಾನ. ಪ್ರಯಾಣಿಕರಾಗಿ ಬಂದಿದ್ದ ಸಂಸ್ಥೆಯ ಒಬ್ಬ ಮಹಿಳಾ ಸಿಬ್ಬಂದಿಯನ್ನ ಕ್ಯಾಪ್ಟನ್ ಸಾಹೇಬರು ಹಾರಾಟದ ಮಧ್ಯೆ ಕಾಕ್‌ಪಿಟ್ ಒಳಗೆ ಕರೆಸಿಕೊಂಡರು. ದೂರು ಕೊಟ್ಟಿದ್ದು ಯಾರು? ಅದೇ ವಿಮಾನದಲ್ಲಿ ಕೆಲಸ ಮಾಡುತ್ತಿದ್ದ ಕ್ಯಾಬಿನ್ ಸಿಬ್ಬಂದಿ. ತನ್ನ ಮೇಲಿನವರ ವಿರುದ್ಧ ಬರೆದು ಕೊಡೋಕೆ ಎಂಥ ಎದೆ ಬೇಕು ಸ್ವಾಮಿ! ಮೇ ತಿಂಗಳಲ್ಲಿ ಡಿಜಿಸಿಎ ಕ್ಯಾಪ್ಟನ್ ಲೈಸೆನ್ಸನ್ನ ಮೂರು ತಿಂಗಳು ಅಮಾನತು ಮಾಡಿತು, ಏರ್ ಇಂಡಿಯಾಕ್ಕೆ 30 ಲಕ್ಷ ರೂಪಾಯಿ ದಂಡ ಹಾಕಿತು. ಬುದ್ಧಿ ಬಂತಾ? ಜೂನ್‌ನಲ್ಲೇ ದೆಹಲಿ–ಲೇಹ್ ವಿಮಾನದಲ್ಲಿ ಮತ್ತೆ ಅಂಥದ್ದೇ ದೂರು.

ಫೆಬ್ರವರಿ 2025ರಲ್ಲಿ ಡಿಜಿಸಿಎ ಪೈಲಟ್‌ಗಳಿಗೆ ಮೊಬೈಲ್‌ನಲ್ಲೇ ತೋರಿಸೋ ಡಿಜಿಟಲ್ ಲೈಸೆನ್ಸ್ ತಂದಿತು. ಒಳ್ಳೆಯದು, ಸ್ವಾಗತ. ಆದರೆ ಲೈಸೆನ್ಸ್ ಹೇಳೋದು ಇವನಿಗೆ ವಿಮಾನ ಓಡಿಸೋಕೆ ಬರುತ್ತೆ ಅಂತ. ಇವತ್ತು ಬೆಳಿಗ್ಗೆ ಇವನು ಕೆಲಸದಲ್ಲಿದ್ದಾನಾ, ಈ ವಿಮಾನದ ಕಾಕ್‌ಪಿಟ್‌ನಲ್ಲಿ ಇವನಿಗೇನು ಕೆಲಸ ಅಂತ ಲೈಸೆನ್ಸ್ ಹೇಳಲ್ಲ. ಅದನ್ನ ಗೇಟಿನಲ್ಲಿ ನಿಂತವರು ಕೇಳಬೇಕು, ಕೇಳಿದವರ ಕೆಲಸಕ್ಕೆ ಕುತ್ತು ಬರಬಾರದು. ನನ್ನ ಬೇಡಿಕೆ ಇಷ್ಟೇ.

ಹೋದ ಸಲ ಊರಿಗೆ ಹೋದಾಗ ರೇಷನ್ ಅಂಗಡಿ ಮುಂದೆ ಒಬ್ಬ ಅಜ್ಜಿ ನಿಂತಿದ್ದಳು. ಹತ್ತಿ ಬಿಡಿಸಿ ಬಿಡಿಸಿ ಬೆರಳಿನ ಗೆರೆ ಸವೆದಿದೆ, ಮಷಿನ್ ಒಪ್ಪುತ್ತಿಲ್ಲ. ಇಡೀ ಊರಿಗೆ ಅವಳು ಗೊತ್ತು, ಅಕ್ಕಿ ಕೊಡೋನಿಗೂ ಗೊತ್ತು. ಆದರೂ ಮೂರನೇ ಸಲ, ನಾಲ್ಕನೇ ಸಲ ಹೆಬ್ಬೆಟ್ಟು ಒತ್ತಿದಳು. ನನ್ನ ಕಡೆ ತಿರುಗಿ, "ನಾ ಖರೇನ ನಾನ ಅದೀನೋ ಇಲ್ಲೋ ನೋಡಾಕ ಹತ್ಯಾರ ನೋಡಪ" ಅಂತ ನಕ್ಕಳು.